ತು, ವೂ

ಕಾಲೇಜಿನಲ್ಲಿ ಫ್ರೆಂಚ್ ತಗೊಂಡಿದ್ದೆ. 'ಇದಕ್ಕೆ ನಿನ್ನ ನಾಲಿಗೆ ಹೊರಳಲ್ಲ, ಬಿಡು' ಅಂದರು ಮೇಷ್ಟ್ರು. ಕ್ಲಾಸೆಲ್ಲ ನಕ್ಕಿತು. ಬಿಟ್ಟೆ.

ಆರು ವರ್ಷದ ಮೇಲೆ ಮತ್ತೆ ಅದೇ ಪುಸ್ತಕ ಹಿಡಿದಿದ್ದೇನೆ. ಪ್ಯಾರಿಸ್ಸಿನ ಆಸೆಗಲ್ಲ, ಪ್ಯಾಟ್ರಿಸ್ ಲುಮುಂಬಾ ಅವರ ಮಾತು ಓದಲಿಕ್ಕೆ. 1960ರ ಜೂನ್ 30, ಕಾಂಗೋ ಬಿಡುಗಡೆಯಾದ ದಿನ. ಬೆಲ್ಜಿಯಂ ದೊರೆ ಎದುರಿಗೇ ಕೂತಿದ್ದ. ಕರಿಯರಿಗೆ 'ತು', ಬಿಳಿಯರಿಗಷ್ಟೇ 'ವೂ' ಎಂಬ ಅವಮಾನವನ್ನು ಅವರು ದೊರೆಯ ಭಾಷೆಯಲ್ಲೇ ಎತ್ತಿ ಆಡಿದರು.

'ತು' ಅಂದರೆ ನೀನು, 'ವೂ' ಅಂದರೆ ನೀವು. ಈ ವ್ಯಾಕರಣ ನಮಗೆ ಹೊಸದೇ? ಅರವತ್ತು ದಾಟಿದ ನಮ್ಮಪ್ಪನನ್ನು ಮೇಲಿನ ಕೇರಿಯ ಹುಡುಗ 'ಏನ್ಲಾ' ಅಂತಾನೆ. ಅಪ್ಪ ಆ ಹುಡುಗನಿಗೆ 'ಬುದ್ಧೀ' ಅಂತಾನೆ.

ನಿನ್ನೆ ರಾತ್ರಿ ಗಟ್ಟಿಯಾಗಿ ಉರು ಹೊಡೀತಿದ್ದೆ.

'ಅದೇನ್ಲಾ, ವೂ ವೂ ಅಂತೀಯ?' ಅಂದ ಅಪ್ಪ.

'ನೀವು ಅಂತ.'

'ಯಾರಿಗ್ಲಾ?'

'ನಿಂಗೇ ಕಣಪ್ಪೋ.'