ಹಿಂದಿನ ಬಾಗಿಲು

ಗಾಡಿಗೆ ಎಂಟು ಚಕ್ರ, ಆರು ತೋಪು, ನೆತ್ತಿಯ ಮೇಲೊಂದು ರೇಡಾರ್. ಇಸವಿ 2150, ಜಾಗ ಮಂಗಳ ಗ್ರಹ. ಹೈದರಾಬಾದಿನ ಮನೆಯಲ್ಲಿ, ಹಳೆಯ ಚಾದರದ ಮೇಲೆ ಹರವಿದ ಲೆಗೊ ಇಟ್ಟಿಗೆಗಳ ನಡುವೆ ಕೂತ ಹನ್ನೊಂದು ವರ್ಷದ ಹುಡುಗ ತನ್ನ ಗಾಡಿಯ ಪ್ರತಾಪವನ್ನು ಅಜ್ಜನಿಗೆ ವಿವರಿಸಿದ. ಮೂಲ ಬೀದರಿನ ಮನೆಯಾದ್ದರಿಂದ ಅಲ್ಲಿ ಅಜ್ಜನಿಗೆ ಮುತ್ಯಾ ಅಂತಲೇ ಕರೆಯುವುದು. ಮುತ್ಯಾ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಇದರಾಗ ಮಂದಿ ಎಲ್ಲಿ ಕೂಡ್ತಾರ?"

"ಇದು ಸೈನಿಕರನ್ನ ಒಯ್ಯೋ ಗಾಡಿ, ಮುತ್ಯಾ."

"ಅದಕ್ಕೇ ಕೇಳ್ದೆ."

ಹುಡುಗ ಮೇಲ್ಛಾವಣಿ ಕಿತ್ತು ನೋಡಿದ. ಎರಡೆರಡು ಇಟ್ಟಿಗೆ ದಪ್ಪದ ಗೋಡೆಗಳ ನಡುವೆ ಒಂದು ಬೊಂಬೆ ಕೂರುವುದಕ್ಕೂ ಜಾಗವಿರಲಿಲ್ಲ.

ಮುತ್ಯಾ ಇಪ್ಪತ್ತೆಂಟು ವರ್ಷ ಮೇದಕ್‌ನ ಆರ್ಡಿನೆನ್ಸ್ ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿದ್ದವರು. ಸೋವಿಯತ್ ದೇಶದ ಬಿಎಂಪಿ-2 ಎಂಬ ಕವಚದ ವಾಹನವನ್ನು ನಮ್ಮಲ್ಲಿ 'ಸಾರಥ್' ಎಂಬ ಹೆಸರಿನಲ್ಲಿ ತಯಾರಿಸುವುದು ಅಲ್ಲೇ. 14 ಟನ್ ಮೀರಿದ ತೂಕ, ಆದರೂ ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ. ನಡೆಸುವವರು ಮೂವರು, ಸೈನಿಕರು ಏಳು. ಅವರಲ್ಲಿ ಒಬ್ಬ ಡ್ರೈವರ್ ಹಿಂದೆ, ಉಳಿದ ಆರು ಜನ ಹಿಂಭಾಗದಲ್ಲಿ ಬೆನ್ನಿಗೆ ಬೆನ್ನು ಮಾಡಿ ಹೊರಮುಖವಾಗಿ ಕೂರಬೇಕು. ಇಳಿಯುವುದು ಹಿಂದಿನ ಎರಡು ಬಾಗಿಲುಗಳಿಂದ. ಆ ಬಾಗಿಲುಗಳೂ ಪೊಳ್ಳು. ಒಳಗೆ ಡೀಸೆಲ್ ತುಂಬುತ್ತಾರೆ. ಇದನ್ನು ಕೇಳಿ ಹುಡುಗ ಬಾಯಿ ತೆರೆದ. ಮುತ್ಯಾ ಮನೆಯಲ್ಲಿ ಇಷ್ಟು ದಿನ ಇದ್ಯಾವುದನ್ನೂ ಹೇಳಿರಲಿಲ್ಲ.

ಗಾಡಿ ಬಿಚ್ಚಿ ಮತ್ತೆ ಶುರುವಾಯಿತು. ಇಟ್ಟಿಗೆಯ ಮೇಲಿನ ಗುಂಡಿಗೆ ಸ್ಟಡ್ ಎನ್ನುತ್ತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಕಾಲು ಚಾಚಿ ಕೂತ ಬೊಂಬೆಗೆ ಸುಮಾರು ಮೂರು ಸ್ಟಡ್ ಬೇಕು. ಬೆನ್ನಿಗೆ ಬೆನ್ನು ಇಬ್ಬರೆಂದರೆ ಆರು. ಗೋಡೆ ತೆಳುವಾಗದೆ ಗತಿಯಿಲ್ಲ. ಪ್ಲೇಟ್ ಎನ್ನುವ ಚಪ್ಪಟೆ ತುಂಡಿನ ದಪ್ಪ 3.2 ಮಿಲಿಮೀಟರ್, ಐದು ಪ್ಲೇಟ್ ಸೇರಿದರೆ ಸರಿಯಾಗಿ ಎರಡು ಸ್ಟಡ್. ಹಾಗಾಗಿ ಪ್ಲೇಟುಗಳನ್ನು ಮಗ್ಗುಲಾಗಿ ನಿಲ್ಲಿಸಿದರೂ ಲೆಕ್ಕ ತಪ್ಪುವುದಿಲ್ಲ. ಹುಡುಗನಿಗೆ ಈ ಉಪಾಯ ಗೊತ್ತಿತ್ತು, ಆದರೆ ತೆಳು ಗೋಡೆಯ ಮೇಲೆ ನಂಬಿಕೆ ಇರಲಿಲ್ಲ.

ಮುತ್ಯಾ ಅಡುಗೆಮನೆಯಿಂದ ಒಂದು ಸೌತೆಕಾಯಿ ತಂದರು. ಅಡ್ಡಕ್ಕೆ ಒಂದು ಹೋಳು, ಓರೆಯಾಗಿ ಇನ್ನೊಂದು. ಓರೆ ಕೊಯ್ದ ಹೋಳೇ ಉದ್ದ. ಉಕ್ಕಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ವಾಲಿಸಿದರೆ, ನೇರ ಬರುವ ಗುಂಡು ಅದರ ಎರಡರಷ್ಟು ದಪ್ಪ ದಾಟಬೇಕಾಗುತ್ತದೆ. ಕೀಲು ತುಂಡು ಹಾಕಿ ಹುಡುಗ ಮುಂಭಾಗವನ್ನು ವಾಲಿಸಿದ. ನೆಲಬಾಂಬಿನ ಹೊಡೆತ ಎರಡು ಪಕ್ಕಕ್ಕೆ ಹಂಚಿಹೋಗಲೆಂದು ತಳವನ್ನು ದೋಣಿಯ ಹಾಗೆ 'ವಿ' ಆಕಾರಕ್ಕೆ ತಂದ. ಮುತ್ಯಾನ ಬೆರಳು ಈಗ ನಡುಗುತ್ತವೆ, ಸಣ್ಣ ತುಂಡು ಕೂರುವುದಿಲ್ಲ. ಅವರು ತೋರಿಸುವುದು, ಹುಡುಗ ಒತ್ತುವುದು. ನಡು ಕುಸಿದಾಗ, ಗೋಡೆ ಕಟ್ಟುವವರ ಹಾಗೆ ಒಂದರ ಸಂದಿಯ ಮೇಲೆ ಇನ್ನೊಂದು ಬರುವಂತೆ ಜೋಡಿಸಲು ಹೇಳಿದ್ದೂ ಅವರೇ.

ಸಂಜೆ ಮಗಳು ಆಫೀಸಿನಿಂದ ಬಂದಳು. "ಆಟದಾಗೂ ಯುದ್ಧನೇ ಬೇಕಾ, ಅಪ್ಪ?" ಅಂದಳು.

ಅವಳ ಮಾತಿನಲ್ಲೂ ಹುರುಳಿತ್ತು. ಡೆನ್ಮಾರ್ಕಿನ ಲೆಗೊ ಕಂಪನಿ ಕೂಡ ಇಂದಿನ ನಿಜವಾದ ಯುದ್ಧವಾಹನಗಳ ಸೆಟ್ ಮಾಡುವುದರಿಂದ ದೂರ ಉಳಿದಿದೆ. 2020ರಲ್ಲಿ ಆಸ್ಪ್ರೇ ವಿಮಾನದ ಸೆಟ್ಟನ್ನು, ಜರ್ಮನಿಯ ಶಾಂತಿವಾದಿಗಳು ವಿರೋಧಿಸಿದ ಮೇಲೆ, ಬಿಡುಗಡೆಗೆ ಮೊದಲೇ ಹಿಂದಕ್ಕೆ ಪಡೆಯಿತು. ಈ ಗಾಡಿಯ ಚಕ್ರಗಳು ಬಂದದ್ದೂ ಅಗ್ನಿಶಾಮಕ ವಾಹನಗಳಿಂದ, ಬೂದು ಹಲಗೆಗಳು ಬಂದದ್ದು ಅಂತರಿಕ್ಷ ನೌಕೆಯಿಂದ.

ಮುತ್ಯಾ ಉತ್ತರ ಕೊಡಲಿಲ್ಲ. ಆ ಮಗಳ ಶಾಲೆ, ಕಾಲೇಜು, ಮದುವೆ ಎಲ್ಲ ಆದದ್ದು ಆ ವೆಲ್ಡಿಂಗಿನ ಸಂಬಳದಲ್ಲೇ. ಅವಳಿಗೂ ಅದು ನೆನಪಾಗಿರಬೇಕು. ಚಹಾ ಮಾಡಿ ತಂದು ಅಲ್ಲೇ ಚಾದರದ ಅಂಚಿನಲ್ಲಿ ಕೂತಳು.

ಕೊನೆಗೆ ತಕರಾರು ತೆಗೆದದ್ದು ಹಿಂದಿನ ಬಾಗಿಲು. ಕೀಲು ತೋಪಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಹುಡುಗ ಬಾಗಿಲನ್ನು ಚಿಕ್ಕದು ಮಾಡಹೊರಟ. "ಬಾಗಲ ಅಲ್ಲ, ತೋಪು ತಗಿ," ಅಂದರು ಮುತ್ಯಾ. ಅವರ ದನಿ ಗಟ್ಟಿಯಾಗಿತ್ತು. "ಹೊಗಿ ತುಂಬಿದಾಗ ಬಾಗಲ ಸಿಕ್ಕೊಂಡ್ರ ಒಳಗಿನವರು ಏನು ಮಾಡ್ಬೇಕು?" ಆಮೇಲೆ ಮೆಲ್ಲಗೆ ಹೇಳಿದರು: ಫ್ಯಾಕ್ಟರಿಯಿಂದ ಎಷ್ಟು ಗಾಡಿ ಹೋದವು ಅನ್ನುವ ಲೆಕ್ಕ ಇತ್ತು. ಒಳಗೆ ಕೂತವರನ್ನು ತಾನು ಒಮ್ಮೆಯೂ ನೋಡಲಿಲ್ಲ.

ಹುಡುಗ ನಾಲ್ಕು ತೋಪು ಕಿತ್ತ. ಬಾಗಿಲು ಪೂರ್ತಿ ತೆರೆಯಿತು. ಮಗಳೇ ಬೊಂಬೆಗಳನ್ನು ಒಂದೊಂದಾಗಿ ಇಳಿಸಿದಳು; ಮುತ್ಯಾ ಎಣಿಸಿದರು. ಆರು.

"ಏಳನೇದವ?"

ಅವನು ಡ್ರೈವರ್ ಹಿಂದೆ ಸಿಕ್ಕಿಬಿದ್ದಿದ್ದ. ಹಿಂದಕ್ಕೆ ಬರಲು ದಾರಿ ಇರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಗಾಡಿ ತಿರುಗಿಸಿ ನೋಡಿದ. ನಂತರ ರೇಡಾರ್ ಕಿತ್ತು ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ ಒಂದು ಮುಚ್ಚಳ ಕೂರಿಸತೊಡಗಿದ.