‘ಗೃಹಭಂಗ’ದ ಮಕ್ಕಳು

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಿಧನರಾದ ಮೇಲೆ ಅವರ ‘ಗೃಹಭಂಗ’ವನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆನು. 1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ರಾಮನಗರದ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ. ಆಗ ಮನಸ್ಸನ್ನು ಸೂರೆಗೊಂಡವಳು ನಂಜಮ್ಮ. ಕೈಲಾಗದ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವ ಆ ತಾಯಿಯ ಮುಂದೆ ಉಳಿದವರೆಲ್ಲ ಮಸುಕಾಗಿ ಕಂಡಿದ್ದರು.

ಈ ಸಲ ಕಣ್ಣು ನಿಂತದ್ದು ಮಕ್ಕಳ ಮೇಲೆ. ಪಾರ್ವತಿ, ರಾಮಣ್ಣ, ವಿಶ್ವ ಈ ಮೂವರೂ ಬೆಳೆಯುವುದು ಬೈಗುಳದ ನಡುವೆ. ಅಜ್ಜಿ ಗಂಗಮ್ಮನಿಗೆ ಶಾಪ ಹಾಕದೆ ಮಾತೇ ಮುಗಿಯದು, ಅಪ್ಪನೂ ಹಾಗೆಯೇ. ದೊಡ್ಡವರು ಆಡಿ ಮರೆಯುತ್ತಾರೆ, ಮಕ್ಕಳು ಕೇಳುತ್ತಲೇ ಇರುತ್ತಾರೆ. ಮನ, ವಚನ, ಕಾಯಗಳೆಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುವವರು ನಾವು. ನೀರು ಸೋಸುವಾಗ ತೋರುವ ಎಚ್ಚರ ನಮ್ಮ ಮನೆಗಳಲ್ಲಿ ಮಾತಾಡುವಾಗಲೂ ಇದೆಯೆ? ಪುಟ ತಿರುಗಿಸುತ್ತ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪಾರ್ವತಿಯನ್ನೂ ರಾಮಣ್ಣನನ್ನೂ ಪ್ಲೇಗು ಒಯ್ಯುತ್ತದೆ. ಆ ಭಾಗವನ್ನು ಒಂದೇ ಸಲಕ್ಕೆ ಓದಲಾಗದೆ ಎರಡು ದಿನ ಪುಸ್ತಕವನ್ನು ಮುಚ್ಚಿಟ್ಟೆ. ಲೇಖಕರು ಬಾಲ್ಯದಲ್ಲಿ ಒಡಹುಟ್ಟಿದವರನ್ನು ಇದೇ ರೋಗಕ್ಕೆ ಕಳೆದುಕೊಂಡವರು. 1996ರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಇದು ತಿಳಿದಿರುತ್ತದೆ. ಕಥೆಯ ಕೊನೆಗೆ ತಾಯಿಯೂ ಇಲ್ಲದ ವಿಶ್ವನನ್ನು ಕರೆದುಕೊಂಡು ಹೋಗುವವರು ಬಂಧುಗಳಲ್ಲ, ಭಿಕ್ಷೆ ಎತ್ತಿ ಬದುಕುವ ಮಹಾದೇವಯ್ಯನವರು. ತರುಣನಾಗಿದ್ದಾಗ ಇದು ನನಗೆ ಕಥೆಗಾರರ ಅನುಕೂಲವೆಂದು ತೋರಿತ್ತು. ಈಗ ಹಾಗೆ ತೋರುವುದಿಲ್ಲ.

ಕಾರಣ ನಮ್ಮ ಚನ್ನಪಟ್ಟಣದ ಬೀದಿಯಲ್ಲಿಯೇ ಇದೆ. ಎರಡು ಮನೆಯಾಚೆಗೆ ಒಬ್ಬ ಹುಡುಗನಿದ್ದಾನೆ, ಒಂಬತ್ತು ವರ್ಷದವನು. ತಾಯಿ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವ ಕೆಲಸಕ್ಕೆ ಹೋಗುತ್ತಾಳೆ. ತಂದೆಯ ಬಾಯಿ ಬೀದಿಗೆಲ್ಲ ಕೇಳುತ್ತದೆ. ನಾವು ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವವರೆಂದು ಹುಡುಗನಿಗೆ ಗೊತ್ತು. ಹೊತ್ತು ಇಳಿಯುವಾಗ ಬಂದು ಜಗಲಿಯ ಮೇಲೆ ಕೂರುತ್ತಾನೆ. ಊಟ ಬೇಕೆಂದು ಕೇಳಿದವನಲ್ಲ. ‘ಅಜ್ಜೀ, ಕೆಲಸ ಏನಾದ್ರೂ ಇದೆಯಾ?’ ಎನ್ನುತ್ತಾನೆ. ನನ್ನ ಹೆಂಡತಿ ಒಂದು ಬಿಂದಿಗೆ ನೀರು ತರಿಸಿ ಎಲೆ ಹಾಕುತ್ತಾಳೆ. ಕೆಲಸ ಹೇಳದೆ ಬಡಿಸಿದ ದಿನ ಅವನು ಸರಿಯಾಗಿ ಉಣ್ಣಲಿಲ್ಲವಂತೆ. ಇಂಥ ಸೂಕ್ಷ್ಮ ಅವಳಿಗೆ ತಿಳಿಯುತ್ತದೆ, ನನಗೆ ತಿಳಿಯುವುದು ತಡ.

ಪರರ ಮನೆಯ ವಿಷಯದಲ್ಲಿ ಕೈಹಾಕಬಾರದೆಂದು ಹಿತೈಷಿಗಳು ಹೇಳುತ್ತಾರೆ. ಆ ತಂದೆಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಹೇಳಿದರೆ ಆ ರಾತ್ರಿಯ ಬೈಗುಳ ಹುಡುಗನ ಪಾಲಿಗೇ ಬೀಳುತ್ತದೆ. ಆದರೆ ಜಗಲಿ ನಮ್ಮದು. ಅಲ್ಲಿ ಅವನು ಎಷ್ಟು ಹೊತ್ತು ಕೂತರೂ ಯಾರೂ ಏಳು ಎನ್ನುವುದಿಲ್ಲ. ಶಾಲೆಯ ಪಾಠವನ್ನು ಅಲ್ಲಿಯೇ ಓದಿಕೊಳ್ಳಲಿ ಎಂದು ಕಳೆದ ತಿಂಗಳು ಒಂದು ದೀಪ ಹಾಕಿಸಿದೆ.

ನಮ್ಮ ಟ್ರಸ್ಟಿನ ಪುಸ್ತಕ ಭಂಡಾರಕ್ಕೆ ‘ಗೃಹಭಂಗ’ವನ್ನು ತರಿಸಬೇಕೆಂದು ಸಭೆಯಲ್ಲಿ ಕೇಳಿದೆ. ಅಷ್ಟೊಂದು ಕೆಟ್ಟ ಮಾತುಗಳಿರುವ ಪುಸ್ತಕ ಮಕ್ಕಳ ಕೈಗೆ ಸಿಗಬಾರದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಆ ಮಾತುಗಳು ಪುಸ್ತಕಕ್ಕಿಂತ ಮೊದಲೇ ಮಕ್ಕಳ ಕಿವಿ ತಲುಪಿವೆ ಎಂದು ನಾನು ಉತ್ತರಿಸಿದೆ. ಕೊನೆಗೆ ಪುಸ್ತಕ ಬಂದಿತು, ಮೇಲಿನ ಹಲಗೆಗೆ. ಪ್ರೌಢಶಾಲೆಯ ಹುಡುಗರಿಗೆ ಅದು ಎಟುಕುತ್ತದೆ.