ಬಾಗದ ಬೆನ್ನಿನ ಆಟಗಾರ್ತಿ

1989ರ ನ್ಯೂಯಾರ್ಕ್. ಮ್ಯಾನ್‌ಹಟನ್ನಿನ ಚೆಲ್ಸೀ ಬಿಲಿಯರ್ಡ್ಸ್‌ ಒಳಗೆ ನೀವು ಕಾಲಿಟ್ಟಿದ್ದೀರಿ. ಸಾಲು ಮೇಜುಗಳು, ಪ್ರತಿ ಮೇಜಿನ ಮೇಲೂ ತಗ್ಗಿಗೆ ತೂಗುಬಿಟ್ಟ ದೀಪ, ಸುತ್ತಲೂ ಬರೀ ಗಂಡಸರು. ಅವರ ನಡುವೆ ಹದಿನೆಂಟರ ಹುಡುಗಿಯೊಬ್ಬಳು ಹಿರಿಯ ಆಟಗಾರನ ಕೈಚಳಕವನ್ನೇ ನೋಡುತ್ತ ನಿಂತುಬಿಟ್ಟಿದ್ದಾಳೆ. ಬ್ರೂಕ್ಲಿನ್ನಿನ ಕೊರಿಯನ್ ಮನೆತನದವಳು, ಹೆಸರು ಜೀನೆಟ್ ಲೀ. ಇನ್ನು ಆಕೆಗೆ ಬೇರೆ ಲೋಕವಿಲ್ಲ. ಬೆರಳುಗಳು ಕ್ಯೂ ಕೋಲಿಗೆ ಆನಿಕೆಯಾಗುವ ಭಂಗಿಗೇ ಒಗ್ಗಲಿ ಎಂದು ಟೇಪು ಸುತ್ತಿಕೊಂಡು ಮಲಗುತ್ತಾಳಂತೆ! ಹುಚ್ಚು ಎನ್ನಿ, ಪರವಾಗಿಲ್ಲ.

ಕೆಲವೇ ವರ್ಷ. ಈಗ ನೀವು ಕೂತಿರುವುದು ವೃತ್ತಿಪರ ಮಹಿಳೆಯರ ಪಂದ್ಯದಲ್ಲಿ, ಟಿವಿ ಕ್ಯಾಮೆರಾಗಳ ಪಕ್ಕ. ಆಟ ನೈನ್ ಬಾಲ್. ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಬಿಳಿ ಚೆಂಡು ಮೊದಲು ತಾಗಬೇಕು. ಒಂಬತ್ತನ್ನು ಕೆಡವಿದವರದು ಗೆಲುವು. ಉಳಿದಿರುವುದು ಎಂಟು ಮತ್ತು ಒಂಬತ್ತು. ಎಂಟನ್ನು ಬೀಳಿಸುವುದು ದೊಡ್ಡ ಮಾತಲ್ಲ, ಬಿದ್ದ ಮೇಲೆ ಬಿಳಿ ಚೆಂಡು ಒಂಬತ್ತಕ್ಕೆ ಅನುಕೂಲವಾಗಿ ನಿಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ. ಲೀ ಕ್ಯೂ ತುದಿಗೆ ನೀಲಿ ಚಾಕ್ ಉಜ್ಜುತ್ತಾಳೆ. ಮೇಜನ್ನು ಅರ್ಧ ಸುತ್ತಿ ಬಂದು ಬಾಗುತ್ತಾಳೆ.

ಆ ಬಾಗುವಿಕೆಯನ್ನು ನೋಡಿ. ಬೆನ್ನು ಹಲಗೆಯಂತೆ ನೆಟ್ಟಗೇ ಇದೆ. ಮಡಚಿದ್ದು ಸೊಂಟದ ಕೀಲು ಮಾತ್ರ. ಬೆನ್ನುಮೂಳೆ ಸೊಟ್ಟಗಾಗುವ ಸ್ಕೋಲಿಯೋಸಿಸ್‌ಗೆ ಹದಿಮೂರರ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಯಾಗಿ, ಒಳಗೆ ಲೋಹದ ಸರಳು ಕೂತಿದೆ. ಗಂಟೆಗಟ್ಟಲೆ ಬಗ್ಗಿಯೇ ಆಡಬೇಕಾದ ಆಟವನ್ನು ಈ ಬೆನ್ನು ಹೊತ್ತವಳು ಆರಿಸಿಕೊಂಡಳಲ್ಲ! ಗದ್ದ ಕ್ಯೂ ಮೇಲೆ ಇಳಿಯುತ್ತದೆ. ಮೊಣಕೈ ಒಂದು ಸಲ, ಎರಡು ಸಲ ಹಿಂದೆ ಮುಂದೆ. ಟಕ್. ಎಂಟು ಮಾಯ. ಬಿಳಿ ಚೆಂಡು ಅಂಚಿಗೆ ತಾಗಿ, ನಿಧಾನಿಸಿ, ಒಂಬತ್ತರ ನೇರಕ್ಕೆ ಬಂದು ನಿಲ್ಲುತ್ತದೆ. ಉಳಿದದ್ದು ಲೆಕ್ಕಕ್ಕಿಲ್ಲ.

ಕಪ್ಪು ಉಡುಪು, ಸೊಂಟದವರೆಗಿನ ಕಪ್ಪು ಕೂದಲು, ಎದುರಾಳಿಯನ್ನು ನುಂಗುವ ನೋಟ. ಜನ ಇಟ್ಟ ಹೆಸರು ‘ಬ್ಲ್ಯಾಕ್ ವಿಡೋ’. ಟಿವಿಗೆ ಬೇಕಾದದ್ದೂ ಅದೇ. ಹೆಸರಿನ ಅಬ್ಬರದಲ್ಲಿ ಆಟ ಮರೆಗೆ ಸರಿಯಿತೆಂದೇ ನನ್ನ ತಕರಾರು. ತೊಂಬತ್ತರ ದಶಕದ ನಡುವೆ ಆಕೆ ವಿಶ್ವದ ಒಂದನೇ ಶ್ರೇಯಾಂಕದಲ್ಲಿದ್ದಳು. ಇಂಗ್ಲೆಂಡಿನ ಸ್ನೂಕರ್ ಬಿಟ್ಟು 1995ರಲ್ಲಿ ಅಮೆರಿಕಕ್ಕೆ ಬಂದ ಆಲಿಸನ್ ಫಿಶರ್ ಎಂಥ ಎದುರಾಳಿಯೆಂದು ಬಲ್ಲವರಿಗೆ, ಆ ಕಾಲದಲ್ಲಿ ಮುಂಚೂಣಿಯಲ್ಲಿ ಉಳಿಯುವುದೆಂದರೆ ಏನೆಂದು ಗೊತ್ತು. 2001ರಲ್ಲಿ ಜಪಾನಿನ ಅಕಿತಾದ ವರ್ಲ್ಡ್ ಗೇಮ್ಸ್‌ನಲ್ಲಿ ಚಿನ್ನ. ಈ ನಡುವೆ ಬೆನ್ನಿಗೆ, ಕುತ್ತಿಗೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. 2013ರಲ್ಲಿ ಹಾಲ್ ಆಫ್ ಫೇಮ್. 2021ರಲ್ಲಿ ಅಂಡಾಶಯದ ಕ್ಯಾನ್ಸರ್, ಅದೂ ನಾಲ್ಕನೇ ಹಂತದ್ದು, ಎಂಬ ಸುದ್ದಿ. ಮೂವರು ಹೆಣ್ಣುಮಕ್ಕಳ ತಾಯಿ ಅದಕ್ಕೂ ಎದುರು ನಿಂತಳು.

ಆಕೆಯ ಹಳೆಯ ಪಂದ್ಯಗಳು ಯೂಟ್ಯೂಬಿನಲ್ಲಿವೆ. ನೋಡುವಾಗ ಕಣ್ಣು ಚೆಂಡಿನ ಹಿಂದೆಯೇ ಓಡದಿರಲಿ. ಹೊಡೆತ ಮುಗಿಸಿ ಆಕೆ ನೆಟ್ಟಗಾಗುವ ರೀತಿಯನ್ನೂ ಒಮ್ಮೆ ಗಮನಿಸಿ.